ಅಕ್ಕನ ಹೆಬ್ಬೆರಳು

ಸಲೂನಿನಲ್ಲಿ ಗಿರಾಕಿಯ ಕೂದಲು ಕತ್ತರಿಸುವಾಗ ಕತ್ತರಿ ಜಾರಿ ಅಕ್ಕನ ಹೆಬ್ಬೆರಳಿನ ನರ ತುಂಡಾಗಿತ್ತು. ಹೊಲಿಗೆ ಬಿಚ್ಚಿದ ಮೇಲೂ ಬೆರಳಿಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಇಬ್ಬರೂ ಕಿತ್ತಾಡಿಕೊಂಡು ಆಡುತ್ತಿದ್ದ ಮೊಲದ ವಿಡಿಯೋ ಗೇಮ್ ಹೊಸ ಕನ್ಸೋಲಿನಲ್ಲಿ ಮತ್ತೆ ಬಂದಿದೆಯೆಂದು ತಮ್ಮ ಅದನ್ನು ತಂದ.

"ಬೇಡ ಕಣೋ. ಇದೂ ಆಗ್ಲಿಲ್ಲ ಅಂದ್ರೆ ಕತ್ರಿ ಮರೆತುಬಿಡೋದೇ."

"ಬರೀ ಆಟ ಅಕ್ಕಾ. ನಾನೇನು ಕಟಿಂಗಿಗೆ ಕೂತಿದೀನಾ?"

ಹಳೆಯ ಸಂಗೀತ ಶುರುವಾದಾಗ ಅವಳು ಹೆಬ್ಬೆರಳನ್ನು ಬಟನ್ ಮೇಲಿಟ್ಟಳು. ಆಗೆಲ್ಲ ಅವಳ ಮೊಲ ಬೀಳುತ್ತಲೇ ಇರಲಿಲ್ಲ. ಈಗ ಮೊದಲ ಹಳ್ಳದಲ್ಲೇ ಬಿತ್ತು. ಮತ್ತೆ ಬಿತ್ತು. ತಂದದ್ದೇ ತಪ್ಪಾಯಿತೇನೋ ಎಂದು ತಮ್ಮನಿಗೆ ಅನ್ನಿಸಿತು. ಅವಳು ಹಲ್ಲು ಕಚ್ಚಿ ಬಟನ್ ಒತ್ತುತ್ತಲೇ ಹೋದಳು. ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು.

"ಏನಾಯ್ತು?"

"ಚುಚ್ಚಿತು ಕಣೋ. ಬಟನ್ನಿನ ಅಂಚು."

ಇನ್ನೊಮ್ಮೆ ಚುಚ್ಚುತ್ತದೋ ಇಲ್ಲವೋ ಎಂದು ಅಳುಕುತ್ತಲೇ ಒತ್ತಿದಳು. ಚುಚ್ಚಿತು.