ಬಿಸಿಲು ತಿಂದ ಗಿಟಾರು

ಡೆಸ್ಮಂಡ್ ಹಾರ್ವಿನ್ ಎಂಬ ಗಿಟಾರು ವಾದಕನ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ಅವನ ಸ್ವಂತ ಊರಿನಲ್ಲೇ ಕೇಳಿದವರು ಕಡಿಮೆ ಇದ್ದಾರು. ಆದರೆ ಸಿದ್ದಾಪುರದ ಬಸ್ ಸ್ಟ್ಯಾಂಡಿನ ಎದುರು ಹೊಲಿಗೆ ಅಂಗಡಿ ಇಟ್ಟಿರುವ ಲಕ್ಷ್ಮೀಯ ಮುಂದೆ ಬೇರೆ ಯಾವ ಗಿಟಾರಿನವನನ್ನೂ ಹೊಗಳಬೇಡಿ. ಹೊಗಳಿದವರ ರವಿಕೆ ಹೇಳಿದ ದಿನಕ್ಕೆ ಸಿಗುವುದಿಲ್ಲ.

ಅವನು ಅವಳಿಗೆ ಸಿಕ್ಕಿದ್ದು ತವರೂರು ಉಮ್ಮಚಗಿಯಲ್ಲಿ, ಒಂಬತ್ತನೇ ಕ್ಲಾಸಿನಲ್ಲಿದ್ದಾಗ. ಮುಂಬಯಿಯ ಸೋದರಮಾವ ಅಜ್ಜಿಗೆಂದು ಭಜನೆಯ ಕ್ಯಾಸೆಟ್ ಕಳಿಸಿದ್ದ. ಡಬ್ಬಿಯ ಮೇಲೆ ವಿಠ್ಠಲ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಒಳಗಿದ್ದದ್ದು ಇಂಗ್ಲಿಷಿನ ರಾಕ್ ಸಂಗೀತ. ಕರೆಂಟಿಲ್ಲದ ಹೊತ್ತು, ಮನೆಯಲ್ಲಿದ್ದ ಹಳೇ ಸೆಲ್ಲು ಹಾಕಿ ಹಚ್ಚಿದ್ದರು. ಅಜ್ಜಿ ಒಂದು ನಿಮಿಷ ಕೇಳಿ, ರಾಮ ರಾಮ ಎನ್ನುತ್ತ ಎದ್ದು ಹೋದಳು. ಲಕ್ಷ್ಮೀ ಕೂತೇ ಇದ್ದಳು. ಹಾಡುವವನು ಬಾಯಿ ಮುಚ್ಚಿದ ಮೇಲೆ ಗಿಟಾರು ಒಂದೇ ನುಡಿಯುತ್ತಿತ್ತು. ಎಷ್ಟು ನಿಧಾನ, ಎಂಥ ಗಂಭೀರ! ಆ ಮನೆಯಲ್ಲಿ ಅವಳೊಡನೆ ಯಾರೂ ಅಷ್ಟು ಸಾವಧಾನವಾಗಿ ಮಾತಾಡಿದ್ದೇ ಇಲ್ಲ. ಕ್ಯಾಸೆಟ್ಟಿನ ಮೇಲೆ ಹಾಡಿದವನ ಹೆಸರು ದಪ್ಪಕ್ಕಿತ್ತು, ಗಿಟಾರಿನವನದು ಇರುವೆಯಷ್ಟು. ಆ ಅನ್ಯಾಯಕ್ಕೆ ಅವಳಿಗೆ ಇವತ್ತಿಗೂ ಸಿಟ್ಟಿದೆ.

ಅವಳ ಜೊತೆ ಕೇಳುತ್ತಿದ್ದವಳು ಪಕ್ಕದ ಮನೆಯ ಮಂಜಿ ಒಬ್ಬಳೇ. ಭಜನೆಗಲ್ಲದೆ ಟೇಪಿಗೆ ಕರೆಂಟು ಕೊಡಲು ಲಕ್ಷ್ಮೀಯ ಅಪ್ಪ ಒಪ್ಪುತ್ತಿರಲಿಲ್ಲ. ಹಾಗಾಗಿ ಮಂಜಿ ತನ್ನ ಅಪ್ಪ ಟಾರ್ಚಿನಿಂದ ತೆಗೆದು ಬಿಸಾಡಿದ ಸೆಲ್ಲುಗಳನ್ನು ಹೆಕ್ಕಿ ತರುತ್ತಿದ್ದಳು. ಬಿಸಿಲಿಗೆ ಒಣಗಿಸಿದರೆ ಸತ್ತ ಸೆಲ್ಲಿಗೂ ಸ್ವಲ್ಪ ಜೀವ ಬರುತ್ತದೆ. ಕೊಟ್ಟಿಗೆಯ ಅಟ್ಟದಲ್ಲಿ ಕೂತು ಕೇಳುವಾಗ ಗಿಟಾರು ಜಗ್ಗತೊಡಗಿದರೆ ಮಂಜಿ ತಲೆಯಾಡಿಸಿ, "ಅವ್ನಿಗೆ ಹಸಿವಾಗ್ಯದೆ ಮಾರಾಯ್ತಿ. ಬಿಸ್ಲು ತಿನ್ನಿಸ್ಬೇಕು" ಎನ್ನುತ್ತಿದ್ದಳು. ಮಂಜಿ ಮದುವೆಯಾಗಿ ಕಿರವತ್ತಿಗೆ ಹೋದಳು. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು, ಯಾರೋ ಗುಡಿಸಿ ಎಸೆದರು.

ಈಗ ಲಕ್ಷ್ಮೀಯ ಅಣ್ಣನ ಮಗಳು ಅಭಿಜ್ಞಾ ಶಿರಸಿಯಲ್ಲಿ ಪಿಯುಸಿ ಓದುತ್ತಾಳೆ, ಗಿಟಾರು ನುಡಿಸುತ್ತಾಳೆ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಹಾರ್ವಿನ್ನನನ್ನು ನುಡಿಸು, ನಾಲ್ಕು ಜನಕ್ಕಾದರೂ ಅವನು ಗೊತ್ತಾಗಲಿ ಎಂದು ಲಕ್ಷ್ಮೀ ದುಂಬಾಲು ಬಿದ್ದಳು. ಹುಡುಗಿ ಒಂದು ಭಾನುವಾರ ಅಂಗಡಿಗೆ ಬಂದು, ಮೊಬೈಲಿನಲ್ಲಿ ಹುಡುಕಿ ಹಚ್ಚಿದಳು.

ಲಕ್ಷ್ಮೀ ಕತ್ತರಿ ಕೆಳಗಿಟ್ಟಳು. "ಇಂವ ಅಲ್ದೇ ಕೂಸೆ. ಇವಂಗೆ ನಾಯಿ ಬೆನ್ನು ಹತ್ತಿದಾಂಗೆ ಇದ್ದು."

"ಇವನೇ ಅತ್ತೆ. ಫೋಟೋನೂ ಇದ್ದು ನೋಡು."

ಫೋಟೋದಲ್ಲಿ ಮೀಸೆ ಸರಿಯಾಗಿ ಬಾರದ, ಮೊಡವೆಯ ಹುಡುಗನೊಬ್ಬ ನಗುತ್ತಿದ್ದ. ಅಲ್ಲವೆಂದರೆ ಅಲ್ಲ, ಲಕ್ಷ್ಮೀ ಹಿಡಿದ ಮೊಲಕ್ಕೆ ಮೂರೇ ಕಾಲು. ಕೊನೆಗೆ ಹುಡುಗಿ ಕೆದಕಿ ಕೆದಕಿ ಕೇಳಿದಾಗ ಸೆಲ್ಲಿನ ಕಥೆ ಹೊರಬಿತ್ತು. ಅಭಿಜ್ಞಾ ಬಿದ್ದು ಬಿದ್ದು ನಕ್ಕಳು. "ಸೆಲ್ಲು ಸೋತ್ರೆ ಟೇಪು ನಿಧಾನ ತಿರುಗ್ತು ಅತ್ತೆ! ನೀ ಕೇಳಿದ್ದು ಇವನ್ನಲ್ಲ, ಸೋತ ಸೆಲ್ಲನ್ನ!"

ಲಕ್ಷ್ಮೀ ನಗಲಿಲ್ಲ. ಅವಳಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ದುಃಖವಾಯಿತು. ಜೀವನದ ಎಷ್ಟೋ ಕೆಟ್ಟ ಸಂಜೆಗಳನ್ನು ಆ ನಿಧಾನದ ಗಿಟಾರನ್ನು ಮನಸ್ಸಿನಲ್ಲೇ ನುಡಿಸಿಕೊಂಡು ದಾಟಿದವಳು ಅವಳು. ಅಂಥದ್ದೊಂದು ಲೋಕದಲ್ಲಿ ಇರಲೇ ಇಲ್ಲವೆ? ಎಲ್ಲ ತಾನೇ ಕಟ್ಟಿಕೊಂಡದ್ದೆ? ಆ ದಿನ ಅವಳು ಯಾರದೋ ರವಿಕೆಯ ತೋಳನ್ನು ತಿರುಗಾಮುರುಗಾ ಹೊಲಿದಳು.

ಮುಖ ನೋಡಿ ಅಭಿಜ್ಞಾಳಿಗೂ ಕೆಡುಕೆನಿಸಿತು. ಮೊಬೈಲಿನಲ್ಲೇ ಅದನ್ನು ನಿಧಾನ ಮಾಡಿ ಕೇಳಿಸಿದಳು.

"ಹೀಂಗಲ್ಲ" ಎಂದಳು ಲಕ್ಷ್ಮೀ. "ಅದು ಹೋಗ್ತಾ ಹೋಗ್ತಾ ಸೋಲ್ತಿತ್ತು." ಹೊಲಿಗೆ ಯಂತ್ರವನ್ನು ಜೋರಾಗಿ ತುಳಿದು ಕಾಲು ತೆಗೆದಳು. ಚಕ್ರ ತಿರುಗಿತು, ತಡೆಯಿತು, ಇನ್ನೊಂದು ಸುತ್ತಿಗೆ ಮನಸ್ಸು ಮಾಡಿ ನಿಂತಿತು. "ಹೀಂಗೆ."

ಅಭಿಜ್ಞಾ ಚಕ್ರವನ್ನೇ ನೋಡುತ್ತ ಕೂತಳು. "ಹಂಗಾರೆ ಇದು ನೆಟ್ಟಲ್ಲಿ ಎಲ್ಲೂ ಇಲ್ಲೆ ಅತ್ತೆ. ನಿನ್ನ ಕಿವಿಯಲ್ಲಿ ಮಾತ್ರ ಇದ್ದು. ನೀ ಹಾಡು, ಆನು ಹುಡುಕ್ತೆ."

ಆಮೇಲೆ ಪ್ರತಿ ಭಾನುವಾರ ಅದೇ ಕೆಲಸ. ಹುಡುಗಿ ತಂತಿಗಳನ್ನು ಸಡಿಲಿಸಿ ದನಿ ಇಳಿಸಿದಳು. ಲಕ್ಷ್ಮೀ ಗುನುಗಿದಳು, ಗದರಿದಳು, ಯಂತ್ರ ತುಳಿದು ತೋರಿಸಿದಳು. ಕೂಡಿಬಂದಾಗ ಮೈ ಜುಮ್ಮೆನ್ನುತ್ತಿತ್ತು. ಆದರೂ ಇದು ನಿಜವಾಗಿ ಕೇಳಿದ್ದೋ ಬರೀ ಭ್ರಮೆಯೋ ಎಂಬ ಮುಳ್ಳು ಒಳಗೆ ಚುಚ್ಚುತ್ತಲೇ ಇತ್ತು. ಅದಕ್ಕೇ ಅವಳು ಕಿರವತ್ತಿಯ ಮಂಜಿಗೆ ಫೋನು ಮಾಡಿ, ವಾರ್ಷಿಕೋತ್ಸವಕ್ಕೆ ಬಾ ಎಂದಳು. ಯಾತಕ್ಕೆಂದು ಹೇಳಲಿಲ್ಲ.

ಮಂಜಿ ಯಲ್ಲಾಪುರದಲ್ಲಿ ಬಸ್ಸು ಬದಲಿಸಿ ಶಿರಸಿಯ ಕಾಲೇಜಿಗೆ ಬಂದಳು. ಬಂದವಳೇ ಲಕ್ಷ್ಮೀಯ ಪಕ್ಕದ ಕುರ್ಚಿಯಲ್ಲಿ ಕೂತು, ಬಸ್ಸಿನ ಕಂಡಕ್ಟರನನ್ನು ಬಯ್ಯತೊಡಗಿದಳು. ಅಭಿಜ್ಞಾ ವೇದಿಕೆಗೆ ಬಂದಳು. ಗಿಟಾರು ನಿಧಾನವಾಗಿ ಬಾಯಿ ಬಿಟ್ಟಿತು. ಹಿಂದಿನ ಸಾಲಿನ ಹುಡುಗರಿಗೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಅವರ ಮಾತು ನಿಲ್ಲಲಿಲ್ಲ. ಮಂಜಿಯ ಮಾತು ಮಾತ್ರ ಅರ್ಧಕ್ಕೆ ನಿಂತಿತು. ಲಕ್ಷ್ಮೀ ಅವಳತ್ತ ನೋಡುವ ಧೈರ್ಯ ಮಾಡಲಿಲ್ಲ.

ಕೊನೆಗೆ ಬರುತ್ತ ಗಿಟಾರು ಜಗ್ಗಿತು, ತಡೆಯಿತು, ಮತ್ತೆ ಜಗ್ಗಿತು. ಹುಡುಗಿ ತಪ್ಪಿದಳೆಂದು ಮುಂದಿನ ಸಾಲಿನ ಮಾಸ್ತರರು ಮುಖ ಮುಖ ನೋಡಿಕೊಂಡರು.

ಮಂಜಿ ವೇದಿಕೆಯಿಂದ ಕಣ್ಣು ತೆಗೆಯದೆ, ಮೊಣಕೈಯಿಂದ ಲಕ್ಷ್ಮೀಯನ್ನು ತಿವಿದಳು.

"ಅವ್ನಿಗೆ ಹಸಿವಾಗ್ಯದೆ ಮಾರಾಯ್ತಿ. ಬಿಸ್ಲು ತಿನ್ನಿಸ್ಬೇಕು."

ಲಕ್ಷ್ಮೀ ನಗಲಿಕ್ಕೆ ಹೋಗಿ ಅತ್ತುಬಿಟ್ಟಳು.