ಬ್ಯಾಟರಿಯ ಹಣೆ

ಸಂಕ್ರಾಂತಿಗೆ ಮುಂಚಿನ ಚಳಿ. ಉಪ್ಪಾರಹಳ್ಳಿಯ ಮನೆ ಮುಂದೆ ನಿಂತಿದ್ದ ಹಳೇ ಕಾರು, ಕೀ ತಿರುಗಿಸಿದಾಗಲೆಲ್ಲ 'ಟಕ್' ಅಂದು ಸುಮ್ಮನಾಗುತ್ತಿತ್ತು. ಒಂಬತ್ತಕ್ಕೆ ಕುಣಿಗಲ್‌ನಲ್ಲಿ ಏಕಪಾತ್ರಾಭಿನಯದ ಸ್ಪರ್ಧೆ; ತಡವಾಗಿ ಹೋದವರಿಗೆ ವೇದಿಕೆ ಇಲ್ಲ. ಇಂಪನಾ ಆಗಲೇ ಖಳನಾಯಕನ ಮೀಸೆ ಅಂಟಿಸಿಕೊಂಡು ಸ್ಟೇರಿಂಗ್ ಹಿಡಿದು ಕೂತಿದ್ದಳು.

"ಲೇ ಕಾರೇ! ಈ ಇಂಪನಾಗೆ ಅಡ್ಡ ನಿಂತೋರೆಲ್ಲ ಗೋಡೆ ಮೇಲೆ ಫೋಟೋ ಆಗವ್ರೆ!"

"ಫೋಟೋ ಆಮೇಲೆ ಆಗ್ಲಿ. ಲೈಟ್ ಹಾಕಿ ಸೆಲ್ಫ್ ಹೊಡಿಯೇ, ಮೀಸೆ ರಾಣಿ," ಎಂದಳು ಬಾನೆಟ್ ಎತ್ತಿ ನಿಂತಿದ್ದ ಪ್ರಮೀಳಾ ಅತ್ತೆ.

ಲೈಟು ಝಗ್ಗೆಂದಿತು. ಕೀ ತಿರುಗಿಸುತ್ತಲೇ ಪೂರ್ತಿ ಆರಿಹೋಯಿತು.

"ಬ್ಯಾಟರಿ ಶಿವನ ಪಾದ ಸೇರ್ತು ಅತ್ತೆ."

"ಹೋದ ತಿಂಗ್ಳು ಹಾಕ್ಸಿದ್ದು ಕಣೇ. ಬೆಳಿಗ್ಗೆ ಕೊಬ್ರಿ ಎಣ್ಣೆ ನೋಡಿದ್ಯಾ?"

"ಕಲ್ಲಾಗಿತ್ತು. ಕಡ್ಡೀಲಿ ಕೆದ್ಕಿದೆ."

"ಇಂಜಿನ್ ಆಯಿಲ್ಲೂ ಹಂಗೇ ಮಂದ ಆಗಿರ್ತದೆ. ತಿರುಗ್ಸಕ್ಕೆ ಜಾಸ್ತಿ ಕರೆಂಟ್ ಬೇಕು. ಬ್ಯಾಟರೀಲಿ ಐತೆ, ದಾರೀಲಿ ಯಾರೋ ತಡೀತಾವ್ರೆ."

ಅತ್ತೆ ಸ್ಪ್ಯಾನರ್ ಹಾಕಿ ವೈರು ಬಿಚ್ಚಿದಳು. ವೈರು ಕೂರುವ ಟರ್ಮಿನಲ್ ಎರಡಕ್ಕೂ ಅರಿಸಿನ ಕುಂಕುಮ ಒಣಗಿ ಪೊರೆ ಕಟ್ಟಿತ್ತು! ಹೊಸ ಬ್ಯಾಟರಿ ಬಂದ ದಿನ, ವೈರು ಜೋಡಿಸುವ ಮುಂಚೆಯೇ ಅಜ್ಜಿ ಭದ್ರಮ್ಮ ಪೂಜೆ ಮುಗಿಸಿದ್ದಳು.

ಅಷ್ಟರಲ್ಲಿ ಅಜ್ಜಿಯೇ ಬಂದಳು. "ಏನಮ್ಮೀ, ಕುಂಕುಮ ಅಳಿಸ್ತಿದ್ಯಾ? ಮಗು ಹೊರಡೋ ಹೊತ್ತಲ್ಲಿ ಅಪಶಕುನ! ಇವತ್ತು ಗಾಡಿ ತೆಗೀಬೇಡಿ."

ಅಜ್ಜಿ ಬೇಡ ಅಂದರೆ ಆ ಮನೆಯಲ್ಲಿ ಮುಗಿಯಿತು.

ಅತ್ತೆ ತಲೆ ಎತ್ತಲಿಲ್ಲ. "ಅಳಿಸ್ತಿಲ್ಲಮ್ಮ, ಸ್ನಾನ ಮಾಡಿಸ್ತಿದೀನಿ. ಚಳಿ ಅಲ್ವಾ, ಒಂಚೂರು ಬಿಸಿನೀರು ತತ್ತಾ."

ಅಜ್ಜಿ ಒಳಗೆ ಹೋಗಿ ಹೊಗೆಯಾಡುವ ಚೊಂಬು ತಂದಳು. ಅತ್ತೆ ಬಟ್ಟೆ ಅದ್ದಿ ಒರೆಸಿ, ಒಣಗಿಸಿ, ಟರ್ಮಿನಲ್ಲಿನ ಸೀಸ ಹೊಳೆಯುವಂತೆ ಉಪ್ಪುಕಾಗದದಲ್ಲಿ ಉಜ್ಜಿ, ವೈರು ಬಿಗಿದಳು.

"ಈಗ ನೀನೇ ಇಡಮ್ಮ. ಆದ್ರೆ ಕುಂಕುಮ ಹಣೆಗಿಡ್ತಾರೋ, ಕಿವಿಗಿಡ್ತಾರೋ?"

"ಹಣೆಗೇ ಕಣಮ್ಮೀ."

"ಇವೆರಡೂ ಅದರ ಕಿವಿ. ಹಣೆ ಇಲ್ಲಿದೆ ನೋಡು," ಎಂದು ಪ್ಲಾಸ್ಟಿಕ್ ಮುಚ್ಚಳದ ನಡುವೆ ಬೆರಳಿಟ್ಟಳು.

"ಅಯ್ಯೋ, ಅವತ್ತೇ ಹೇಳಬಾರದಾ," ಎಂದು ಅಜ್ಜಿ ಅಲ್ಲೇ ಬೊಟ್ಟಿಟ್ಟು ಕೈ ಮುಗಿದಳು.

ಇಂಪನಾ ಕೀ ತಿರುಗಿಸಿದಳು. ಕಾರು ಗುರ್ರೆಂದು ಮೈ ಕೊಡವಿ ಎದ್ದಿತು. ಅವಳು ಪಕ್ಕದ ಸೀಟಿಗೆ ಸರಿದು, ಬಾನೆಟ್ ಮುಚ್ಚಿ ಬಂದು ಸ್ಟೇರಿಂಗ್ ಹಿಡಿದ ಅತ್ತೆಯ ತುಟಿ ಮೇಲೆ ತನ್ನ ಮೀಸೆ ಕಿತ್ತು ಒತ್ತಿದಳು.

"ಇದು ನಿಂಗೇ ಒಪ್ಪೋದು ಅತ್ತೆ."

"ತೆಗಿಯೇ, ಅಂಟು ಆರೋಗ್ತದೆ," ಎನ್ನುತ್ತಲೇ ಅತ್ತೆ ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು ಗೇರು ಹಾಕಿದಳು.