ಹತ್ತೊಂಬತ್ತು ಮಂದಿಯ ಮನೆ

ಹೊಸೂರಿಗೆ ಹೋಗಬೇಕಾದರೆ ಭಾನುಪ್ರಿಯ ಮೂರು ಬಸ್ಸು ಹತ್ತಿ ಇಳಿಯಬೇಕಿತ್ತು. ಮರಳವಾಡಿಯಿಂದ ಆನೇಕಲ್ಲಿಗೆ ಒಂದು, ಆನೇಕಲ್ಲಿಂದ ಅತ್ತಿಬೆಲೆಗೆ ಒಂದು, ಅಲ್ಲಿಂದ ಗಡಿ ದಾಟಿಸುವ ಇನ್ನೊಂದು. ಅವಳ ಬಲಗಾಲು ಮಂಡಿಯ ಹತ್ತಿರ ಮಡಚುತ್ತಿರಲಿಲ್ಲ, ಒಳಗೆ ರಾಡು ಇತ್ತು. ಬಾಗಿಲಿಗೆ ಬೆನ್ನು ಕೊಟ್ಟು, ಮೆಟ್ಟಿಲ ಮೇಲೆ ಕೂತು, ಕೈಯೂರಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಜರುಗುತ್ತಾ ಬಸ್ಸಿನೊಳಕ್ಕೆ ಸೇರಬೇಕು. ಗಾಯದ ಸರ್ಟಿಫಿಕೇಟು ತರಲು ಅವ್ವ ಸಿದ್ದಮ್ಮನ ಜೊತೆ ಒಂದೇ ಒಂದು ಸಲ ಹಾಗೆ ಹೋಗಿದ್ದಳು. ಅಲ್ಲಿನ ಆಸ್ಪತ್ರೆಯವನು ತಮಿಳಿನಲ್ಲಿ ಏನೋ ಕೇಳಿದ, ಇವರು ಕನ್ನಡದಲ್ಲಿ ಏನೋ ಹೇಳಿದರು, ಕೊನೆಗೆ ಅವನು ನಾಳೆ ಬನ್ನಿ ಅಂದದ್ದು ಮಾತ್ರ ಇಬ್ಬರಿಗೂ ಅರ್ಥವಾಯಿತು. ವಾಪಸು ಬಂದ ಮೇಲೆ ಮೂರು ದಿನ ಮಂಡಿ ಕುಂಬಳಕಾಯಿಯಂತೆ ಊದಿಕೊಂಡಿತ್ತು.

ಅದಕ್ಕೇ ಕನಕಪುರದ ವಕೀಲ ಸಮೀವುಲ್ಲಾ ಸಾಹೇಬರು, "ಹೊಸೂರಿಗೆ ಯಾಕಮ್ಮ ಹೋಗ್ತೀಯ? ಪರಿಹಾರದ ಕೇಸು ಇಲ್ಲೇ ಹಾಕೋಣ" ಅಂದಾಗ ಅವಳಿಗೆ ಮೊದಲು ನಂಬಿಕೆಯೇ ಬರಲಿಲ್ಲ.

"ಆಕ್ಸಿಡೆಂಟ್ ಆಗಿದ್ದು ತಮಿಳುನಾಡಲ್ಲಿ ಸಾರ್. ಲಾರಿನೂ ನಾಮಕ್ಕಲ್‌ದು."

"ಆಗ್ಲಿ. ರಸ್ತೆ ಅಪಘಾತಕ್ಕೆ ಕಾನೂನು ಬೇರೆ. ಅಪಘಾತ ಆದ ಕಡೆ ಹಾಕಬಹುದು, ಎದುರು ಪಾರ್ಟಿ ಇರೋ ಕಡೆ ಹಾಕಬಹುದು, ಪೆಟ್ಟು ತಿಂದೋರು ವಾಸ ಇರೋ ಕಡೆನೂ ಹಾಕಬಹುದು. ಪೆಟ್ಟು ತಿಂದೋಳು ನೀನು. ಮರಳವಾಡಿ ಕನಕಪುರ ತಾಲೂಕು. ಮುಗೀತು."

ಮುಗಿಯಲಿಲ್ಲ. ಲಾರಿಯ ಇನ್ಶೂರೆನ್ಸ್ ಕಂಪನಿಯವರು ಬೆಂಗಳೂರಿನಿಂದ ಒಬ್ಬ ವಕೀಲರನ್ನು ಕಳಿಸಿದರು. ಅವರು ಮೊದಲ ವಾಯಿದೆಯಲ್ಲೇ ಒಂದು ತಕರಾರು ಹಾಕಿದರು. ಅರ್ಜಿದಾರಳು ಮರಳವಾಡಿಯವಳಲ್ಲ, ಹೊಸೂರಿನ ಕಾಯಂ ವಾಸಿ. ಪೊಲೀಸರ ಎಫ್‌ಐಆರ್‌ನಲ್ಲೂ ಫ್ಯಾಕ್ಟರಿಯ ಗುರುತಿನ ಚೀಟಿಯಲ್ಲೂ ಬಾಗಲೂರು ರಸ್ತೆಯ ಮನೆ ನಂಬರು ಇದೆ. ಆದ್ದರಿಂದ ಈ ಕೋರ್ಟಿಗೆ ಕೇಸು ಕೇಳುವ ಅಧಿಕಾರವಿಲ್ಲ, ಅರ್ಜಿಯನ್ನು ವಾಪಸು ಕೊಡಬೇಕು, ಆಕೆ ಬೇಕಾದರೆ ಅದನ್ನು ಹೊಸೂರಿನಲ್ಲಿ ಹಾಕಿಕೊಳ್ಳಲಿ.

ಚೀಟಿಯ ಮಾತು ಸುಳ್ಳಲ್ಲ. ವಿಳಾಸ ಸುಳ್ಳು.

ಕಾರುಗಳಿಗೆ ವೈರು ಕಟ್ಟಿಕೊಡುವ ಆ ಫ್ಯಾಕ್ಟರಿ ಹೊಸೂರಿಗೆ ಬಂದಾಗ ಸ್ಥಳೀಯರಿಗೇ ಕೆಲಸ ಕೊಡುತ್ತೇವೆ ಅಂತ ಸರ್ಕಾರಕ್ಕೆ ಬರೆದುಕೊಟ್ಟಿತ್ತು. ಸ್ಥಳೀಯರು ಸಂಬಳ ಜಾಸ್ತಿ ಕೇಳುತ್ತಿದ್ದರು. ಹಾಗಾಗಿ ಮರಳವಾಡಿಯ ರಾಮಲಿಂಗಯ್ಯ ಲೇಬರ್ ಕಂಟ್ರಾಕ್ಟರನಾದ. ಹೋಬಳಿಯ ಸುತ್ತಮುತ್ತ ಎಸ್ಸೆಸ್ಸೆಲ್ಸಿವರೆಗೆ ಓದಿದ ಹತ್ತೊಂಬತ್ತು ಹುಡುಗಿಯರನ್ನು ಗುಡ್ಡೆ ಹಾಕಿದ. ಬೆಳಿಗ್ಗೆ ಐದಕ್ಕೆ ವ್ಯಾನು ಹತ್ತಿಸುವುದು, ರಾತ್ರಿ ಎಂಟಕ್ಕೆ ತಂದು ಇಳಿಸುವುದು. ಚೀಟಿಗೆ ಹೊಸೂರಿನ ವಿಳಾಸ ಬೇಕಲ್ಲ? ಬಾಗಲೂರು ರಸ್ತೆಯಲ್ಲಿ ಅವನು ಸಾಮಾನಿಡಲು ಬಾಡಿಗೆಗೆ ಹಿಡಿದಿದ್ದ ಒಂದು ಕೋಣೆಯ ನಂಬರನ್ನೇ ಹತ್ತೊಂಬತ್ತು ಮಂದಿಗೂ ಬರೆಸಿದ. ಹುಡುಗಿಯರು ಸಹಿ ಹಾಕಿದರು. ಫ್ಯಾಕ್ಟರಿಯವರು ಕಣ್ಣುಮುಚ್ಚಿ ಸೀಲು ಒತ್ತಿದರು. ಲಾರಿ ಬಂದು ವ್ಯಾನಿನ ಪಕ್ಕಕ್ಕೆ ನುಗ್ಗಿದ ದಿನ ಭಾನುಪ್ರಿಯಳಿಗೆ ಪ್ರಜ್ಞೆ ಇರಲಿಲ್ಲ. ಕೊರಳಲ್ಲಿದ್ದ ಚೀಟಿ ನೋಡಿ ಪೊಲೀಸಿನವನು ವಿಳಾಸ ಬರೆದುಕೊಂಡ.

"ಹಂಗಂತ ಹೇಳ್ಬುಡನ ಸಾರ್," ಅಂದಳು ಭಾನುಪ್ರಿಯ.

ಸಮೀವುಲ್ಲಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೇಳೋದೇನೋ ಹೇಳಬಹುದು. ಓಟರ್ ಲಿಸ್ಟಲ್ಲಿ ನಿನ್ನ ಹೆಸರು ಮರಳವಾಡೀಲಿ ಇದೆ. ಆದರೆ ಅವರು, ಓಟು ಎಲ್ಲರೂ ಹುಟ್ಟಿದ ಊರಲ್ಲೇ ಇಟ್ಕೊಂಡಿರ್ತಾರೆ ಅಂತಾರೆ. ನೀನೇ ಕಟಕಟೆಗೆ ಬಂದು, ಫ್ಯಾಕ್ಟರೀಲಿ ಕೊಟ್ಟ ವಿಳಾಸ ಸುಳ್ಳು ಅನ್ನಬೇಕು. ಅಂದ ಮೇಲೆ ಅದು ಕೋರ್ಟ್ ದಾಖಲೆ. ಆಮೇಲೆ ಫ್ಯಾಕ್ಟರಿಯವರು ಗೊತ್ತಿಲ್ಲದ ಹಾಗೆ ಇರೋಕಾಗಲ್ಲ. ಉಳಿದ ಹುಡುಗೀರ ಕತೆ ಏನಾಗುತ್ತೋ ನಾನು ಹೇಳಲಾರೆ. ನಿನ್ನ ತಂಗೀನೂ ಅಲ್ಲೇ ಇದಾಳಲ್ವಾ?"

ತಂಗಿ ಪುಟ್ಟಿ ಅಲ್ಲೇ ಇದ್ದಳು. ಭಾನುಪ್ರಿಯ ಹಾಸಿಗೆ ಹಿಡಿದ ಎರಡನೇ ತಿಂಗಳು ಅವಳ ಜಾಗಕ್ಕೆ ರಾಮಲಿಂಗಯ್ಯ ಪುಟ್ಟಿಯನ್ನು ಸೇರಿಸಿದ್ದ. ಚೀಟಿಯಲ್ಲಿ ಅದೇ ಬಾಗಲೂರು ರಸ್ತೆ, ಅದೇ ನಂಬರು. ಅಪ್ಪ ಇಲ್ಲದ ಮನೆಗೆ ಬರುತ್ತಿದ್ದದ್ದು ಅದೊಂದೇ ಸಂಬಳ.

ಸಾಕ್ಷಿಗೆ ನಾಲ್ಕು ದಿನ ಇದೆ ಅನ್ನುವಾಗ ರಾಮಲಿಂಗಯ್ಯ ಮನೆಗೆ ಬಂದ. ಜಗಲಿಯ ಮೇಲೆ ಕೂತು, ಸಿದ್ದಮ್ಮ ಕೊಟ್ಟ ಕಾಫಿ ಕುಡಿದು, ಲೋಟ ಕೆಳಗಿಟ್ಟ.

"ನೋಡವ್ವ ಭಾನು, ಒಂದೇ ಮಾತು. ಜಡ್ಜು ಕೇಳಿದ್ರೆ, ಹೌದು ಸ್ವಾಮಿ, ಹಾಸ್ಟೆಲ್ ಥರ ಇದ್ದೋ, ಚಾಪೆ ಹಾಸ್ಕೊಂಡು ಮಲೀಕತಿದ್ದೋ ಅನ್ನು. ಕೇಸು ಹೊಸೂರ್ಗೆ ಹೋಯ್ತದೆ. ಹೋಗ್ಲಿ ಬುಡು. ನಂಗೆ ತಮಿಳು ಬತ್ತದೆ, ಅಲ್ಲಿ ವಕೀಲ್ರು ಗೊತ್ತು. ವಾಯಿದೆ ವಾಯಿದೆಗೂ ನಾನೇ ವ್ಯಾನಲ್ಲಿ ಕರ್ಕೊಂಡೋಯ್ತೀನಿ."

"ಐದ್ ವರ್ಷ ನಡುದ್ರೆ ಐದ್ ವರ್ಷನೂವಾ ರಾಮಲಿಂಗಣ್ಣ?"

"ಯಾಕ್ ನಡೀತದೆ ಐದ್ ವರ್ಷ?"

"ಗಾಯದ ಸರ್ಟಿಫಿಕೇಟ್ ತರೋ ದಿನನೂ ವ್ಯಾನ್ ಕಳಿಸ್ತೀನಿ ಅಂದಿದ್ದೆ. ನಾನೂ ಅವ್ವನೂ ಬಸ್‌ಸ್ಟ್ಯಾಂಡ್ ತಾವ ಬೆಳಿಗ್ಗಿಂದ ಒಂಬತ್ ಗಂಟೆಗಂಟ ಕಾದೋ."

"ಅವತ್ತು ಟೈರು ಪಂಕ್ಚರಾಗಿತ್ತು ಕಣವ್ವ."

"ಫೋನೂ ಪಂಕ್ಚರಾಗಿತ್ತಾ?"

ಒಳಗೆ ಈರುಳ್ಳಿ ಹೆಚ್ಚುತ್ತಿದ್ದ ಪುಟ್ಟಿ ಕಿಸಕ್ಕನೆ ನಕ್ಕಳು. ರಾಮಲಿಂಗಯ್ಯನಿಗೂ ನಗು ಬಂತು, ನುಂಗಿಕೊಂಡ. ಆಮೇಲೆ ಮುಖ ಬದಲಾಯಿಸಿ ಹೇಳಿದ: "ನಗಾಡ್ಬೇಡ. ನಿಂದೊಂದ್ ಕಾಲ್‌ಗೆ ಹತ್ತೊಂಬತ್ ಮನೆ ಒಲೆ ಆರಿಸ್ಬೇಡ. ನಿನ್ ತಂಗೀನೂ ಸೇರ್ಸಿ ಹೇಳ್ತಾವ್ನಿ."

ಅವನು ಹೋದ ಮೇಲೆ ಪುಟ್ಟಿ ಹೊರಗೆ ಬಂದಳು. ಈಗ ಅವಳು ನಗುತ್ತಿರಲಿಲ್ಲ.

"ಅಕ್ಕ, ಅವನು ಹೇಳಿದ್ರಲ್ಲಿ ತಪ್ಪೇನೈತೆ? ಹೊಸೂರಾದ್ರೆ ಹೊಸೂರು. ದುಡ್ಡು ಎಲ್ಲಿ ಕೊಟ್ರೂ ದುಡ್ಡೇ ಅಲ್ವಾ?"

"ಹೋಗಾಕಾಗಲ್ಲ ಕಣೆ ನಂಗೆ."

"ಹೆಂಗೋ ಒಸಿ ಕಷ್ಟ ಪಟ್ರೆ..."

"ಬಸ್ಸಲ್ಲಿ ತಿಕ ಊರ್ಕೊಂಡು ಹತ್ತೋಳು ನೀನಲ್ಲ," ಅಂದಳು ಭಾನುಪ್ರಿಯ. ಪುಟ್ಟಿ ಈರುಳ್ಳಿ ಹೆಚ್ಚಲು ಒಳಗೆ ಹೋದಳು. ಸಿದ್ದಮ್ಮನಿಗೆ ಇಬ್ಬರೂ ಮಕ್ಕಳೇ. ಒಬ್ಬಳು ನಡೆಯಲಾರದ ಮಗಳು, ಇನ್ನೊಬ್ಬಳು ಅನ್ನ ತರುವ ಮಗಳು. ಅವಳು ಲೋಟ ತೊಳೆಯಲು ಹೋದಳು.

ಕನಕಪುರದ ಕೋರ್ಟಿನಲ್ಲಿ ಭಾನುಪ್ರಿಯಳ ಹೆಸರು ಕೂಗಿದಾಗ ಹನ್ನೆರಡೂವರೆ. ಕಟಕಟೆ ಹತ್ತಲು ಒಂದೇ ಮೆಟ್ಟಿಲಿತ್ತು. ಜಡ್ಜು ಅವಳ ಕಾಲು ನೋಡಿ, "ಅಲ್ಲೇ ಕೆಳಗೆ ನಿಂತು ಹೇಳಮ್ಮ. ಕುರ್ಚಿ ಹಾಕಿ," ಅಂದರು. ರಾಮಲಿಂಗಯ್ಯ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಅವನನ್ನು ಯಾರೂ ಕರೆದಿರಲಿಲ್ಲ.

ಬೆಂಗಳೂರಿನ ವಕೀಲರು ಚೀಟಿ ತೋರಿಸಿದರು. "ಇದು ನಿಮ್ಮದೇನಾ?"

"ಹೌದು."

"ಸಹಿ?"

"ನಂದೇ."

"ವಿಳಾಸ ಓದಿದ ಮೇಲೆ ತಾನೆ ಸಹಿ ಮಾಡಿದ್ದು?"

"ಓದ್ದೆ."

ವಕೀಲರಿಗೆ ಅಷ್ಟು ಸಾಕಾಗಿತ್ತು. ಆದರೆ ಅವರು ಗಟ್ಟಿ ಮಾಡಿಕೊಳ್ಳೋಣ ಅಂತ ಇನ್ನೊಂದು ಕಾಗದ ತೆಗೆದರು. ಫ್ಯಾಕ್ಟರಿಯ ರಿಜಿಸ್ಟರಿನ ನಕಲು. ಅಪಘಾತದ ದಿನ ವ್ಯಾನಿನಲ್ಲಿದ್ದವರ ಹೆಸರು, ಹೆಸರಿನ ಮುಂದೆ ವಿಳಾಸ. "ಸ್ವಾಮಿ, ಈಕೆ ಒಬ್ಬಳೇ ಅಲ್ಲ, ಜೊತೆಗಾರರೆಲ್ಲ ಹೊಸೂರಿನ ವಾಸಿಗಳೇ. ದಯವಿಟ್ಟು ಗಮನಿಸಬೇಕು."

ಜಡ್ಜು ಗಮನಿಸಿದರು. ಬೆರಳಿನಿಂದ ಮೇಲಿನಿಂದ ಕೆಳಗೆ ಎಣಿಸುತ್ತಾ ಬಂದರು. ಹಾಳೆ ತಿರುವಿ ಮತ್ತೆ ಎಣಿಸಿದರು.

"ಏನ್ರೀ ಇದು? ಎಲ್ಲರಿಗೂ ಒಂದೇ ಮನೆ ನಂಬರು. ಹತ್ತೊಂಬತ್ತು ಜನ."

ವಕೀಲರು ಕತ್ತು ಚಾಚಿ ತಾವೇ ಕೊಟ್ಟ ಕಾಗದವನ್ನು ನೋಡಿದರು. ಆ ಅಂಕಣವನ್ನು ಅವರು ಉದ್ದಕ್ಕೆ ಓದಿರಲಿಲ್ಲ.

ಜಡ್ಜು ಭಾನುಪ್ರಿಯಳ ಕಡೆ ತಿರುಗಿದರು. "ಏನಮ್ಮ, ಎಷ್ಟು ದೊಡ್ಡದು ಆ ಮನೆ? ಹಾಸ್ಟೆಲ್ ಥರ ಇತ್ತಾ? ಎಲ್ಲರೂ ಅಲ್ಲಿ ಒಟ್ಟಿಗೆ ಇದ್ದರಾ?"

ರಾಮಲಿಂಗಯ್ಯ ಕಲಿಸಿಕೊಟ್ಟಿದ್ದ ಉತ್ತರಕ್ಕೆ ಸರಿಯಾಗಿ ಕೇಳಿದ ಪ್ರಶ್ನೆ. ಹೌದು ಅಂದರೆ ಮುಗಿಯಿತು. ಹತ್ತೊಂಬತ್ತು ಕೆಲಸವೂ ಉಳಿಯುತ್ತವೆ, ಪುಟ್ಟಿಯ ಸಂಬಳವೂ ಬರುತ್ತದೆ, ಕಾಗದಪತ್ರ ಹೊಸೂರಿಗೆ ಹೋಗುತ್ತದೆ. ಕಾಗದದ ಹಿಂದೆ ಅವಳೂ ಹೋಗಬೇಕು. ಹೋಗುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಒಂದು ಸಲ ಹೋಗುತ್ತಾಳೆ, ಎರಡು ಸಲ ಹೋಗುತ್ತಾಳೆ, ಮೂರನೆಯ ಸಲ ಊತ ಇಳಿಯಲಿ ಅಂತ ಸುಮ್ಮನಾಗುತ್ತಾಳೆ. ಕೇಸು ಬಿದ್ದುಹೋಗುತ್ತದೆ. ರಾಡು ತೆಗೆಸುವ ಎರಡನೇ ಆಪರೇಷನ್ನಿಗೆ ಪರಿಹಾರದ ದುಡ್ಡು ಬಿಟ್ಟು ಬೇರೆ ಯಾವ ದಾರಿಯೂ ಇರಲಿಲ್ಲ. ಡಾಕ್ಟರು, ಅದಾದರೆ ಮಂಡಿ ಒಂದಿಷ್ಟು ಮಡಚಬಹುದು ಅಂದಿದ್ದರು.

"ಗೊತ್ತಿಲ್ಲ ಸ್ವಾಮಿ," ಅಂದಳು. "ಆ ಮನೇನ ನಾನು ನೋಡೇ ಇಲ್ಲ."

ಹಿಂದಿನ ಬೆಂಚು ಕಿರ್ರೆಂದಿತು. ಅವಳು ತಿರುಗಲಿಲ್ಲ.

"ಒಂದಿನಾನೂ ಅಲ್ಲಿ ಮಲಗಿಲ್ಲ. ದಿನಾ ಮರಳವಾಡಿಯಿಂದ್ಲೇ ಹೋಗಿ ಬತ್ತಿದ್ದೆ. ಲಾರಿ ಗುದ್ದಿದ್ದೂ ಹಂಗೆ ಹೋಗೋವಾಗ್ಲೇ. ಬೆಳಿಗ್ಗೆ ಏಳ್ ಗಂಟೆಗೆ ಅತ್ತಿಬೆಲೆ ಕಡೆಯಿಂದ ಹೊಸೂರಿಗೆ ಹೋಗ್ತಿದ್ದೋ. ಹೊಸೂರಲ್ಲೇ ಇದ್ದಿದ್ರೆ ಆ ಹೊತ್ತಲ್ಲಿ ಆ ದಾರೀಲಿ ಯಾಕಿರ್ತಿದ್ದೆ?"

ಬೆಂಗಳೂರಿನ ವಕೀಲರು ದನಿಯೇರಿಸಿದರು. "ಅಂದರೆ ಫ್ಯಾಕ್ಟರಿಗೆ ಸುಳ್ಳು ವಿಳಾಸ ಕೊಟ್ಟಿರಿ?"

"ಕೊಟ್ಟೆ."

"ಸುಳ್ಳು ಅಂತ ಗೊತ್ತಿದ್ದೂ?"

"ಗೊತ್ತಿತ್ತು. ನಿಜ ಬರುದ್ರೆ ಕೆಲ್ಸ ಕೊಡ್ತಿರ್ಲಿಲ್ಲ."

"ಕೆಲಸಕ್ಕಾಗಿ ಅಲ್ಲಿ ಸುಳ್ಳು, ಪರಿಹಾರಕ್ಕಾಗಿ ಇಲ್ಲಿ ಸುಳ್ಳು. ಹಾಗಲ್ಲವೇ?"

"ಇಲ್ಲಿ ಸುಳ್ಳಾದ್ರೆ ಬಂದು ನೋಡಿ ಸಾರ್. ಮರಳವಾಡೀಲಿ ನಮ್ಮನೆ ಯಾವ್ದು ಅಂತ ಯಾರ್ನ ಕೇಳಿದ್ರೂ ತೋರಿಸ್ತಾರೆ. ಅಲ್ಲಿ ಹತ್ತೊಂಬತ್ ಜನ ಇಲ್ಲ, ಮೂರೇ ಜನ."

ಹೇಳಿಕೆ ಟೈಪು ಮಾಡುತ್ತಿದ್ದವನು ನಕ್ಕು, ಜಡ್ಜನ್ನು ನೋಡಿ, ನಗು ನಿಲ್ಲಿಸಿದ.

ಹೊರಗೆ ಬಂದಾಗ ರಾಮಲಿಂಗಯ್ಯ ಇರಲಿಲ್ಲ. ಮಾರನೆಯ ದಿನ ವ್ಯಾನೂ ಬರಲಿಲ್ಲ. ಹುಡುಗಿಯರು ಐದು ಗಂಟೆಗೆ ಟಿಫಿನ್ ಡಬ್ಬಿ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಆರೂವರೆಗೆ ಮನೆಗೆ ಹೋದರು. ಇಬ್ಬರ ತಾಯಂದಿರು ಸಿದ್ದಮ್ಮನ ಬಾಗಿಲಿಗೆ ಬಂದು ಬಯ್ದರು. ಒಬ್ಬಳು, ಇನ್ನೊಂದು ಕಾಲೂ ಮುರೀಲಿ ಅಂದಳು. ಭಾನುಪ್ರಿಯ ಒಳಗೆ ಕೂತು ಕೇಳಿಸಿಕೊಂಡಳು. ಪುಟ್ಟಿ ಅಕ್ಕನ ಪರವಾಗಿ ಎದ್ದು ಹೋಗಲಿಲ್ಲ, ಬೈಗುಳಕ್ಕೆ ದನಿಗೂಡಿಸಲೂ ಇಲ್ಲ.

ಐದನೆಯ ದಿನ ವ್ಯಾನು ಬಂತು. ಫ್ಯಾಕ್ಟರಿಗೆ ಹುಡುಗಿಯರು ಬೇಕಾಗಿತ್ತು, ಇವರಿಗಿಂತ ಕಡಿಮೆಗೆ ಯಾರೂ ಸಿಕ್ಕಿರಲಿಲ್ಲ. ಹೊಸ ಚೀಟಿ ಮಾಡಿಸಿದ್ದರು. ಈ ಸಲ ರಾಮಲಿಂಗಯ್ಯ ಹುಷಾರಾಗಿದ್ದ, ಏಳು ಬೇರೆ ಬೇರೆ ಮನೆ ನಂಬರು, ಒಂದೊಂದು ಮನೆಗೆ ಇಬ್ಬರು ಮೂವರು. ಪುಟ್ಟಿಯ ಹೆಸರಿನ ಚೀಟಿ ಮಾತ್ರ ಇರಲಿಲ್ಲ. ಅವಳು ವ್ಯಾನಿನ ಬಾಗಿಲ ಬಳಿ ನಿಂತು ಕೇಳಿದಳು. "ನಿಮ್ಮಕ್ಕನ್ನ ಕೇಳೋಗು," ಅಂದ ರಾಮಲಿಂಗಯ್ಯ, ಬಾಗಿಲು ಎಳೆದುಕೊಂಡ.

ಎರಡು ವಾರದ ಮೇಲೆ ಆದೇಶ ಬಂತು. ಅರ್ಜಿದಾರಳು ಮರಳವಾಡಿಯ ವಾಸಿ, ಈ ನ್ಯಾಯಾಲಯಕ್ಕೆ ಕೇಸು ಕೇಳುವ ಅಧಿಕಾರವಿದೆ, ಎದುರುದಾರರ ತಕರಾರು ವಜಾ. ಸಮೀವುಲ್ಲಾ ಫೋನಿನಲ್ಲಿ ಓದಿ ಹೇಳಿದರು. "ಗೆದ್ದೆ ಅನ್ಕೋಬೇಡಮ್ಮ. ಈಗ ಶುರು ಅಷ್ಟೇ," ಅಂದರು.

ಪುಟ್ಟಿಗೆ ಹಾರೋಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಕೆಲಸ ಸಿಕ್ಕಿತು. ಸಂಬಳ ಹೊಸೂರಿಗಿಂತ ಕಡಿಮೆ, ನಿಂತೇ ಕೆಲಸ. ಒಂದು ತಿಂಗಳು ಅವಳು ಅಕ್ಕನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮುಂದಿನ ವಾಯಿದೆಯ ದಿನ ಇಬ್ಬರೂ ಒಂದೇ ಬಸ್ಸು ಹತ್ತಬೇಕಾಯಿತು, ಕನಕಪುರದ ಬಸ್ಸು ಹಾರೋಹಳ್ಳಿಯ ಮೇಲೇ ಹೋಗುತ್ತದೆ. ಪುಟ್ಟಿ ಮೂರು ಸೀಟು ಮುಂದೆ ಕೂತಳು. ಹಾರೋಹಳ್ಳಿಯಲ್ಲಿ ಇಳಿದವಳು ಬಸ್ಸಿನ ಪಕ್ಕದಲ್ಲೇ ಬಂದು ಕಿಟಕಿಯ ಕೆಳಗೆ ನಿಂತಳು.

"ಇವತ್ತಾದ್ರೂ ಏನಾರ ಕೊಡ್ತಾರಂತಾ?"

"ಇಲ್ಲ. ಇವತ್ತು ಡಾಕ್ಟರ ಸಾಕ್ಷಿ."

"ಡಾಕ್ಟರು ಬರದಿದ್ರೆ?"

"ಇನ್ನೊಂದ್ ವಾಯಿದೆ."

ಪುಟ್ಟಿ ಫ್ಯಾಕ್ಟರಿಯ ಕಡೆ ಒಂದು ಸಲ ನೋಡಿದಳು. "ಹಂಗಾದ್ರೆ ಬೇಗ ಬಂದು ಒಲೆ ಮೇಲೆ ಸಾರಿಗಿಡು. ನಂಗೆ ಓಟಿ ಐತೆ, ಬರೋದು ರಾತ್ರಿಯಾಯ್ತದೆ," ಅಂದಳು. ಬಸ್ಸು ಹೊರಟಿತು.